ಜೋಳದ ಡಬ್ಬಿಯೊಳಗಿನ ಐರ್ಲೆಂಡು

ನನ್ನ ತಮ್ಮ ಆ ಸಲ ಐರ್ಲೆಂಡಿಗೆ ಹೋಗಲೇ ಇಲ್ಲ. ನಡೆದದ್ದು ಇಷ್ಟೇ. ಅವನು ಅಲ್ಲಿ ಮೂರು ವಾರ ತಿರುಗಾಡಿ ಹಳೆಯ ಊರು, ಕೋಟೆ, ಪಾದ್ರಿಗಳ ಮಠ ಎಲ್ಲ ನೋಡಿಕೊಂಡು ಬಂದನೆಂದು ಇಡೀ ಅಕ್ಕಲಕೋಟೆ ಎರಡು ವರ್ಷ ನಂಬಿತ್ತು. ಮೈಂದರ್ಗಿ ನಂಬಿತ್ತು, ದುಧನಿ ನಂಬಿತ್ತು. ನಾನು ಮಾತ್ರ ನಂಬಿರಲಿಲ್ಲ. ಏಕೆಂದರೆ ಆ ಮೂರು ವಾರವೂ ಅವನ ಪಾಸ್‌ಪೋರ್ಟು ಸೋಲಾಪುರದ ನನ್ನ ಅಡುಗೆಮನೆಯಲ್ಲಿ, ಜೋಳದ ಡಬ್ಬಿಯ ತಳದಲ್ಲಿ ಇತ್ತು. ಪಾಸ್‌ಪೋರ್ಟು ಒಂದು ಕಡೆ, ಮನುಷ್ಯ ಇನ್ನೊಂದು ದೇಶದಲ್ಲಿ ಅಂದರೆ ಅದು ದೊಡ್ಡ ಸಾಧುಗಳಿಗೆ ಆದೀತು. ಅಕ್ಕಲಕೋಟೆಯ ಪೇಟೆಯಲ್ಲಿ ಬಳೆ ಮಾರುವವನಿಗೆ ಆಗುವ ಕೆಲಸವೇ?

ಅವನಿಗೆ ತಲೆ ಕೆಟ್ಟಿದೆ ಎಂದು ಹೇಳುವವರಿದ್ದರು. ನಾನು ಹಾಗೆ ಹೇಳುವುದಿಲ್ಲ. ತಲೆ ನೆಟ್ಟಗೇ ಇತ್ತು, ಅದರ ತುಂಬ ಬಿದ್ದ ಗೋಡೆಗಳು ತುಂಬಿಕೊಂಡಿದ್ದವು, ಅಷ್ಟೇ. ಗಂಡಸರಿಗೆ ಒಂದೊಂದು ಚಟ. ಒಬ್ಬರಿಗೆ ಇಸ್ಪೀಟು, ಒಬ್ಬರಿಗೆ ತಂಬಾಕು, ಇವನಿಗೆ ಪಾಳು ಕೋಟೆ. ಎಲ್ಲರೂ ಗುಡಿಗೆ ಹೋದರೆ ದೇವರ ಮುಂದೆ ನಿಲ್ಲುತ್ತಾರೆ. ಇವನು ಗುಡಿಯ ಹಿಂದೆ ಹೋಗಿ, ಮುಳ್ಳುಕಂಟಿಯೊಳಗೆ ತಲೆ ಹಾಕಿ, ಹಳೆಯ ಕಲ್ಲಿನ ಬೆನ್ನು ಸವರುತ್ತಿದ್ದ.

ಮದುವೆಯಾಗಿ ಮೂರನೆಯ ದಿನ ಹೊಸ ಮದುಮಗಳನ್ನು ಕರೆದುಕೊಂಡು ಕುಲದೇವರಿಗೆ ಹೋಗುವುದು ನಮ್ಮಲ್ಲಿ ರೂಢಿ. ಇವನು ದಾರಿಯಲ್ಲಿ ಬಸ್ಸು ಇಳಿಸಿ ಅವಳನ್ನು ನಳದುರ್ಗದ ಕೋಟೆಗೆ ಕರೆದುಕೊಂಡು ಹೋದ. ಪಾಪದ ಹುಡುಗಿ, ಜರಿ ಸೀರೆ ಉಟ್ಟುಕೊಂಡು ಇಡೀ ದಿನ ಬುರುಜು ಹತ್ತಿದಳು, ಇಳಿದಳು. ಮನೆಗೆ ಬಂದು ಕಾಲಿನ ಮುಳ್ಳು ತೆಗೆದುಕೊಳ್ಳುತ್ತ ನನ್ನನ್ನು ಮೆಲ್ಲಗೆ ಕೇಳಿದಳು:

"ಅಕ್ಕಾರ, ನಿಮ್ಮ ಕುಲದೇವರ ಗುಡಿ ಯಾವಾಗ ಬಿತ್ರಿ?"

ಒಂದು ಮಳೆಗಾಲದಲ್ಲಿ ಅವನ ಮನೆಯ ಹಿತ್ತಲ ಗೋಡೆ ಬಿತ್ತು. ಬೇರೆ ಯಾರಾದರೂ ಗೌಂಡಿಯನ್ನು ಕರೆಸುತ್ತಿದ್ದರು. ಇವನು ಅದರ ಎದುರು ಒಂದು ಕುರ್ಚಿ ಹಾಕಿಸಿದ. ಬಂದವರನ್ನೆಲ್ಲ ಕೂಡಿಸಿ, ಯಾವ ಕಲ್ಲು ಮೊದಲು ಜಾರಿತು, ಯಾವುದು ಆಮೇಲೆ ಜಾರಿತು ಎಂದು ತೋರಿಸುತ್ತಿದ್ದ. ಹೀಗೇ ಎರಡು ವರ್ಷ. ಪಕ್ಕದ ಮನೆಯ ಎಮ್ಮೆ ಆ ಕಿಂಡಿಯಿಂದ ಒಳಗೆ ಬಂದು, ಒಣಹಾಕಿದ ಕಡಲೆಯನ್ನು ಅರ್ಧ ತಿಂದು ಹೋಯಿತು. ಹೆಂಡತಿ ಬೈದರೆ ಅವನ ಉತ್ತರ ಏನು ಗೊತ್ತೇ?

"ಗ್ವಾಡಿ ಬಿದ್ದ ಕೋಟ್ಯಾಗ ಶತ್ರು ಬರೋದು ಮೊದಲಿಂದ ನಡದು ಬಂದದ."

ಅಂಗಡಿಯಲ್ಲಿಯೂ ಅದೇ ಪಾಡು. ಹೆಂಗಸಿನ ಕೈಯನ್ನು ಹಿಡಿದು ಬಳೆಯನ್ನು ಗಿಣ್ಣಿನವರೆಗೆ ಏರಿಸುತ್ತಿದ್ದ, ಅಷ್ಟರಲ್ಲಿ ಯಾವುದೋ ಬುರುಜಿನ ಮಾತು ನೆನಪಾಗುತ್ತಿತ್ತು. ಕೋಟೆಗೆ ಮುತ್ತಿಗೆ ಬಿದ್ದು, ಬಾಗಿಲು ಮುರಿದು, ರಾಜ ಸುರಂಗದಲ್ಲಿ ಓಡಿಹೋಗುವ ತನಕ ಆ ಬಳೆ ಗಿಣ್ಣಿನಲ್ಲಿಯೇ ಇರುತ್ತಿತ್ತು. ಅವನ ಅಂಗಡಿಗೆ ಬರುವವರೆಲ್ಲ ಮನೆಯಲ್ಲಿ ಅಡುಗೆ ಮುಗಿಸಿಯೇ ಬರುತ್ತಿದ್ದರು.

ಐರ್ಲೆಂಡು ಬಂದದ್ದು ರದ್ದಿಯಲ್ಲಿ. ಬಳೆ ಸುತ್ತಿಕೊಡಲು ಅವನು ಸೋಲಾಪುರಕ್ಕೆ ಬಂದು ಹಳೆಯ ಕಾಗದವನ್ನು ತೂಕದ ಲೆಕ್ಕದಲ್ಲಿ ಒಯ್ಯುತ್ತಿದ್ದ. ಒಂದು ಸಲ ಆ ಕಟ್ಟಿನೊಳಗೆ ದಪ್ಪ ರಟ್ಟಿನ ಚಿತ್ರದ ಪುಸ್ತಕ ಒಂದು ಇತ್ತು. ಅದರ ತುಂಬ ಐರ್ಲೆಂಡಿನ ಹಳ್ಳಿಗಾಡು, ಕೋಟೆ, ಮಠ. ಅದನ್ನು ಬಗಲಲ್ಲಿ ಇಟ್ಟುಕೊಂಡು ನೆಟ್ಟಗೆ ನನ್ನ ಅಡುಗೆಮನೆಗೆ ಬಂದ. ನಾನು ರೊಟ್ಟಿ ಬಡಿಯುತ್ತಿದ್ದೆ.

"ಅಕ್ಕಾ, ಇದನ್ನ ನೋಡ. ಕ್ಯಾಶೆಲ್ ಅಂತ. ದೊಡ್ಡ ಬಂಡಿಗಲ್ಲಿನ ಮ್ಯಾಲ ಕೋಟೀನೂ ಅದ, ಮಠಾನೂ ಅದ. ಎಂಟುನೂರು ವರ್ಷದ್ದು."

"ಮ್ಯಾಲಿನ ಛತ್ತ ಎಲ್ಲದ?"

"ಬಿದ್ದದ."

"ಎಂಟುನೂರು ವರ್ಷದಾಗ ಒಬ್ಬರಿಗೂ ರಿಪೇರಿ ಮಾಡಸ್ಬೇಕು ಅನಸಲಿಲ್ಲೇನು?"

"ಛತ್ತ ಇದ್ರ ಅದು ಬರೇ ಮನಿ ಆಗ್ತದಕ್ಕಾ. ಬಿದ್ರನ ಇತಿಹಾಸ."

ಅಂದಿನಿಂದ ಅವನಿಗೆ ನಳದುರ್ಗವೂ ಸಾಲದಾಯಿತು. ಕ್ಯಾಶೆಲ್, ಕಿಲ್ಕೆನ್ನಿ, ಟ್ರಿಮ್ ಎಂದು ಊರುಗಳ ಹೆಸರನ್ನು ಸೋದರಮಾವನ ಮನೆಗಳಂತೆ ಹೇಳುತ್ತಿದ್ದ. ಯಾವ ಮಠದಲ್ಲಿ ಎಷ್ಟು ಕಿಟಕಿ ಎಂದು ಅವನಿಗೆ ಗೊತ್ತಿತ್ತು. ತನ್ನ ಮನೆಯಲ್ಲಿ ಎಷ್ಟು ಕಿಟಕಿ ಎಂದು ಕೇಳಿದರೆ ಎಣಿಸಬೇಕಾಗುತ್ತಿತ್ತು.

ಇನ್ನು ಟಿಕೆಟ್ಟಿನ ಮಾತು. ನನ್ನ ಯಜಮಾನರ ಅಕ್ಕನ ಮಗ ಚಿಕ್ಕಂದಿನಲ್ಲಿ ಸಾಲೆಗೆಂದು ನಮ್ಮ ಮನೆಯಲ್ಲಿ ಇದ್ದ. ರವಿವಾರ ಬಂತೆಂದರೆ ನನ್ನ ತಮ್ಮ ಅಕ್ಕಲಕೋಟೆಯಿಂದ ಬಂದು ಆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಟೆ ತೋರಿಸಲು ಹೋಗುತ್ತಿದ್ದ. ಆ ಹುಡುಗ ಬೆಳೆದು ಡಾಕ್ಟರನಾದ. ನೌಕರಿ ಎಲ್ಲಿ ಸಿಕ್ಕಿತು ಅನ್ನುತ್ತೀರಿ? ಐರ್ಲೆಂಡಿನ ಒಂದು ದವಾಖಾನೆಯಲ್ಲಿ. ಎರಡು ವರ್ಷ ದುಡಿದು, ಅವನು ಮೊದಲು ಮಾಡಿದ ಕೆಲಸವೆಂದರೆ ಮಾಮಾನಿಗೆ ವಿಮಾನದ ಟಿಕೆಟ್ಟು ಕಳಿಸಿದ್ದು. "ಮಾಮಾ, ಬರ್ರಿ. ಇಲ್ಲಿ ಎಲ್ಲಾ ಬಿದ್ದದ" ಎಂದು ಕಾಗದ ಬರೆದಿದ್ದ.

ನನ್ನ ಅತ್ತೆಗೆ ಇದು ಸರಿಬರಲಿಲ್ಲ. ಟಿಕೆಟ್ಟು ಕಳಿಸಿದವನು ಅವರ ಮೊಮ್ಮಗ, ಹೋಗುವವನು ಸೊಸೆಯ ತಮ್ಮ. "ನಮ್ಮ ಹುಡುಗನ ಬೆವರು, ನಿಮ್ಮ ತಮ್ಮನ ಮೋಜು" ಎಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೇಳುತ್ತಿದ್ದರು. ನನ್ನ ಅತ್ತೆಯ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಬೇಕು. ನಾನು ಮದುವೆಯಾಗಿ ಬಂದ ವರ್ಷ, ಊರ ಮಂದಿಯೆಲ್ಲ ಊಟಕ್ಕೆ ಕೂತ ದಿನ, ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದೆ. ಮೂವತ್ತು ವರ್ಷವಾದರೂ ಅತ್ತೆ ಆ ಸಾರನ್ನು ಒಲೆಯಿಂದ ಇಳಿಸಿರಲಿಲ್ಲ. ಮನೆಗೆ ಯಾರೇ ಹೊಸಬರು ಬರಲಿ, ಮೊದಲು ನೀರು ಕೊಡುತ್ತಿದ್ದರು, ಆಮೇಲೆ ನನ್ನ ಸಾರಿನ ಕಥೆ.

ಟಿಕೆಟ್ಟು ಶನಿವಾರ ಸಂಜೆಯ ಮುಂಬಯಿ ಗಾಡಿಗೆ ಹೊಂದಿಕೊಂಡು ಇತ್ತು. ಪಂಚಾಂಗ ನೋಡುವ ಅಯ್ಯನವರು ಶನಿವಾರ ಆ ದಿಕ್ಕಿಗೆ ಹೆಜ್ಜೆ ಇಡುವುದೇ ಕೂಡದು ಅಂದರು. ಗುರುವಾರ ಬೆಳಿಗ್ಗೆ ಮಾತ್ರ ಒಳ್ಳೆಯ ಗಳಿಗೆ. ವಿಮಾನ ಅಯ್ಯನವರ ಮಾತು ಕೇಳುತ್ತದೆಯೇ? ಇಂಥದ್ದಕ್ಕೆ ಹಿಂದಿನವರು ಉಪಾಯ ಮಾಡಿಟ್ಟಿದ್ದಾರೆ, ಪ್ರಸ್ಥಾನ ಇಡುವುದು. ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಒಂದಿಷ್ಟು ಸಾಮಾನನ್ನು ಗಂಟು ಕಟ್ಟಿ, ಹೋಗುವ ದಾರಿಯಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರಬೇಕು. ಆಗ ಹೊರಟಂತೆಯೇ ಲೆಕ್ಕ. ನಿಜವಾಗಿ ಹೋಗುವ ದಿನ ಆ ಗಂಟನ್ನು ತೆಗೆದುಕೊಂಡು ಮುಂದೆ ಹೋದರಾಯಿತು. ಎಲ್ಲರೂ ಒಂದು ಅರಿವೆ, ಒಂದು ಹಿಡಿ ಅಕ್ಕಿ, ಅಡಿಕೆ ಕಟ್ಟಿ ಇಡುತ್ತಾರೆ. ನನ್ನ ತಮ್ಮ ವಿಚಾರ ಮಾಡಿದ.

"ಅಕ್ಕಾ, ಸಮುದ್ರ ದಾಟಬೇಕಾದ್ದು ಯಾವುದು? ಅಂಗಿ ಅಲ್ಲ, ಅಕ್ಕಿ ಅಲ್ಲ. ಪಾಸ್‌ಪೋರ್ಟ್. ಅದs ಮೊದಲು ಹೊರಡಬೇಕು."

ಗುರುವಾರ ಅವನು ಪಾಸ್‌ಪೋರ್ಟು, ಟಿಕೆಟ್ಟು, ದೇವಿಯ ಚುಚ್ಚುಮದ್ದು ಹಾಕಿಸಿಕೊಂಡ ಚೀಟಿ, ಎಲ್ಲವನ್ನೂ ಅರಿಸಿನ ಕುಂಕುಮ ಹಚ್ಚಿ ಹಳದಿ ಟವೆಲ್ಲಿನಲ್ಲಿ ಕಟ್ಟಿ, ಸೋಲಾಪುರಕ್ಕೆ ಬಂದು ನನ್ನ ಮನೆಯ ದೇವರ ಗೂಡಿನಲ್ಲಿ ಇಟ್ಟುಹೋದ. ಶನಿವಾರ ಅದನ್ನು ಸ್ಟೇಷನ್ನಿಗೆ ತರುವುದು ನನ್ನ ಜವಾಬುದಾರಿ. ಮನೆಯವರದು ಚಾದರು, ಟವೆಲ್ಲಿನ ಅಂಗಡಿ. ಹಳದಿ ಟವೆಲ್ಲಿಗೆ ನಮ್ಮಲ್ಲಿ ಬರವಿಲ್ಲ. ಶನಿವಾರ ಮಧ್ಯಾಹ್ನ ಹನ್ನೆರಡು ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ನಾನೂ ಒಂದು ಹಳದಿ ಟವೆಲ್ಲಿನಲ್ಲಿ ಕಟ್ಟಿ ಇಟ್ಟೆ. ಮುಂದೆ ಏನಾಯಿತೆಂದು ನೀವೇ ಹೇಳಬಲ್ಲಿರಿ.

ಅಕ್ಕಲಕೋಟೆಯಿಂದ ಒಂದು ಟೆಂಪೊ ತುಂಬ ಮಂದಿ ಬಂದಿದ್ದರು. ಬ್ಯಾಂಡಿನವರೂ ಬಂದಿದ್ದರು. ನನ್ನ ತಮ್ಮನ ಕೊರಳಲ್ಲಿ ಎಷ್ಟು ಹಾರ ಬಿದ್ದಿದ್ದವೆಂದರೆ ಅವನ ಮೂಗು ಮಾತ್ರ ಐರ್ಲೆಂಡಿಗೆ ಹೊರಟಂತೆ ಕಾಣುತ್ತಿತ್ತು. ಇತ್ತ ನನ್ನ ಮನೆಯಲ್ಲಿ ಅತ್ತೆ ಬಾಗಿಲಲ್ಲಿ ನಿಂತು, "ಗಾಡಿ ಹೋತು, ನೀ ಇನ್ನೂ ಸೆರಗು ಸರಿ ಮಾಡಾಕತ್ತಿ" ಎಂದು ಅವಸರ ಮಾಡಿದರು. ಒಂದು ಕೈಯಲ್ಲಿ ಆರತಿಯ ತಟ್ಟೆ, ಒಂದು ಕೈಯಲ್ಲಿ ಗಂಟು ಹಿಡಿದು ಅತ್ತೆಯ ಜೊತೆ ಟಾಂಗಾ ಹತ್ತಿದೆ. ಎರಡು ಗಂಟು ತರಬೇಕಿತ್ತು. ಕೈ ಎರಡೇ.

ಗಾಡಿಯ ಬಾಗಿಲಲ್ಲಿ ಅವನ ಕೈಗೆ ಗಂಟು ಕೊಟ್ಟೆ. ಅವನು ಅದನ್ನು ಕಣ್ಣಿಗೆ ಒತ್ತಿಕೊಂಡು ಬಗಲಲ್ಲಿ ಇಟ್ಟುಕೊಂಡ. ಬ್ಯಾಂಡಿನವರು ಮದುವೆಯ ಹಾಡು ಬಾರಿಸಿದರು, ಅವರಿಗೆ ಬೇರೆ ಹಾಡು ಬರುತ್ತಿರಲಿಲ್ಲ. ಗಾಡಿ ಹೋಯಿತು.

ಮನೆಗೆ ಬಂದು ದೇವರಿಗೆ ದೀಪ ಹಚ್ಚಲು ಹೋದರೆ ಗೂಡಿನಲ್ಲಿ ಹಳದಿ ಗಂಟು ಕೂತಿದೆ. ಕುಂಕುಮ ಹಚ್ಚಿಕೊಂಡು, ಮದುಮಗನ ಹಾಗೆ.

ಮುಂದಿನ ಗಾಡಿ ಮುಂಬಯಿಗೆ ಮುಟ್ಟುವ ಹೊತ್ತಿಗೆ ವಿಮಾನ ಹೋಗಿಬಿಡುತ್ತದೆ. ಪಡಸಾಲೆಯಲ್ಲಿ ಅತ್ತೆ ಕೂತಿದ್ದಾರೆ. ಇದು ಉಪ್ಪಿಲ್ಲದ ಸಾರಲ್ಲ, ಅವರ ಮೊಮ್ಮಗನ ಬೆವರಿನ ಟಿಕೆಟ್ಟು. ನಾನು ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಡುಗೆಮನೆಗೆ ಹೋಗಿ, ಜೋಳದ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ಹಾಕಿ ತಳಕ್ಕೆ ತಳ್ಳಿದೆ. ನಾಳೆ ಇಲ್ಲ ನಾಡಿದ್ದು ಅವನು ಬರುತ್ತಾನೆ, ಬಂದ ಮೇಲೆ ನೋಡೋಣ ಅಂದುಕೊಂಡೆ. ಕಣ್ಣು ಮುಚ್ಚಿದರೆ ಒಂದೇ ಚಿತ್ರ. ವಿಮಾನದ ದೊಡ್ಡ ಸಾಹೇಬ "ಪಾಸ್‌ಪೋರ್ಟ್" ಅನ್ನುತ್ತಾನೆ, ನನ್ನ ತಮ್ಮ ಭಕ್ತಿಯಿಂದ ಗಂಟು ಬಿಚ್ಚುತ್ತಾನೆ, ಮೇಜಿನ ಮೇಲೆ ಹನ್ನೆರಡು ಜೋಳದ ರೊಟ್ಟಿ.

ನಾಳೆ ಆಯಿತು, ನಾಡಿದ್ದು ಆಯಿತು, ಅವನು ಬರಲಿಲ್ಲ. ಎಂಟನೆಯ ದಿನ ಒಂದು ಕಾರ್ಡು ಬಂತು. ನಾನು ಎರಡನೆಯ ಇಯತ್ತೆ ಕಲಿತವಳು, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. "ಅಕ್ಕಾ, ಮುಟ್ಟಿದೆ. ಇಲ್ಲಿ ಕೋಟಿ ಛಲೋ ಅದ. ಮಠಕ್ಕ ಛತ್ತ ಇಲ್ಲ. ರೊಟ್ಟಿ ಮೂರು ದಿನ ಬಂದವು. ಚಟ್ನಿ ಇನ್ನೂ ಅದ. ಮನ್ಯಾಗ ಎಲ್ಲಾರಿಗೂ ಐರ್ಲೆಂಡ್ ಮುಟ್ಯಾನಂತ ಹೇಳು." ಕಾರ್ಡು ಯಾವುದು? ನಮ್ಮ ಸರಕಾರದ ಹಳದಿ ಪೋಸ್ಟ್ ಕಾರ್ಡು. ಮೇಲಿನ ಅಂಚೆಯ ಶಿಕ್ಕಾ ವಸಯಿಯದು. ಮುಂಬಯಿ ದಾಟಿದರೆ ಸಿಗುವ ಊರು.

ಅತ್ತೆ ಪಡಸಾಲೆಯಿಂದ ಕೈ ಚಾಚಿದರು. ಓದಲು ಬರುವುದಿಲ್ಲ, ಕಣ್ಣು ಮಾತ್ರ ಗಿಡುಗನವು. ನಾನು ಶಿಕ್ಕಾದ ಮೇಲೆ ಹೆಬ್ಬೆರಳು ಇಟ್ಟು ಹಿಡಿದು ತೋರಿಸಿದೆ.

"ಇದು ದುಧನಿಯಿಂದ ನಿಮ್ಮ ಸ್ವಾದರಮಾವನ ಕಡಿಂದ ಬರೋ ಕಾರ್ಡಿನಂಗs ಅದಲ್ಲ?"

"ಹೌದ್ರಿ ಅತ್ತಿ. ಕಾಗದ ಮಾಡೋ ಕಾರಖಾನಿ ಎಲ್ಲಾ ಕಡೆ ಒಂದ ನಮೂನಿ ಇರ್ತಾವಂತ."

"ಬೆರಳು ತಗಿ."

"ಉಳ್ಳಾಗಡ್ಡಿ ಹೆಚ್ಚೀನಿ, ನಿಮಗ ಕಣ್ಣು ಉರೀತಾವ" ಎಂದು ಕಾರ್ಡು ತೆಗೆದುಕೊಂಡು ಒಳಗೆ ಹೋದೆ. ಅಂದು ನಮ್ಮ ಮನೆಯಲ್ಲಿ ಮೂರು ಹೊತ್ತೂ ಉಳ್ಳಾಗಡ್ಡಿಯ ಪಲ್ಯವೇ ಆಯಿತು. ಸುಳ್ಳು ಹೇಳಿದ ಮೇಲೆ ಹೆಚ್ಚಲೇಬೇಕಲ್ಲ?

ಮೂರು ವಾರ ಮುಗಿಸಿ ಅವನು ಬಂದ. ಮುಖ ಬಿಸಿಲಿಗೆ ಕಪ್ಪಾಗಿತ್ತು. ಐರ್ಲೆಂಡಿನ ಬಿಸಿಲು ಎಂದು ಎಲ್ಲರೂ ಮೆಚ್ಚಿಕೊಂಡರು. ನನ್ನ ಮನೆಯಲ್ಲಿ ಚಹಾ ಕುಡಿಯುವಾಗ ನಾನು ಅವನ ಟ್ರಂಕಿನಲ್ಲಿ ಅಂಗಿಗಳ ಕೆಳಗೆ ಪಾಸ್‌ಪೋರ್ಟು ಇಟ್ಟೆ. ಅವನು ನೋಡಿದ. ಅವನು ನೋಡಿದ್ದನ್ನು ನಾನು ನೋಡಿದೆ. ಊರ ಮುಂದೆ ಅವನ ಮಾನ ಉಳಿಯಲಿ ಎಂದು ನಾನು ಬಾಯಿ ಮುಚ್ಚಿದೆ. ಅವನು ಏಕೆ ಮುಚ್ಚಿದನೆಂದು ಕೇಳಲಿಲ್ಲ. ಕೇಳಬೇಕಿತ್ತು.

ಅಕ್ಕಲಕೋಟೆಯಲ್ಲಿ ಶುರುವಾಯಿತು ನೋಡಿ, ಐರ್ಲೆಂಡಿನ ಪುರಾಣ. ದೂರದ ಯಾತ್ರೆಗೆ ಹೋಗಿ ಬಂದವರು ಬಂಧುಬಳಗ ಕೂಡಿಸಿ ಊಟ ಹಾಕಿ, ಅಲ್ಲಿಯದನ್ನು ಹೇಳಬೇಕು. ಕಾಶಿಗೆ ಹೋದವರು ಗಂಗೆಯ ನೀರು ತರುತ್ತಾರೆ. ಇವನು ಒಂದು ಚೀಲ ಕಲ್ಲು ತಂದಿದ್ದ. ಮಠದ ಕಲ್ಲು ಎಂದು ಮನೆಗೊಂದರಂತೆ ಹಂಚಿದ. ಕೆಲವರು ದೇವರ ಹತ್ತಿರ ಇಟ್ಟರು. ಒಬ್ಬಾಕೆ ಉಪ್ಪಿನಕಾಯಿಯ ಗಡಿಗೆಯ ಮೇಲೆ ಭಾರಕ್ಕೆ ಇಟ್ಟಳು, ಆ ವರ್ಷ ಅವಳ ಉಪ್ಪಿನಕಾಯಿ ಕೆಡಲಿಲ್ಲವಂತೆ. ಅಲ್ಲಿಗೆ ಐರ್ಲೆಂಡಿನ ಹೆಸರು ಇನ್ನೂ ಏರಿತು.

ಅವನು ಹೇಳುವುದನ್ನು ನಾನು ಒಮ್ಮೆ ಕೂತು ಕೇಳಿದೆ. ಕೋಟೆಯ ಬುಡಕ್ಕೇ ಸಮುದ್ರವಂತೆ. ಒಳಗೆ ಸಾಲು ಸಾಲು ಮಠ, ಒಂದಕ್ಕೂ ಛತ್ತಿಲ್ಲ, ಕಮಾನು ಮಾತ್ರ ಆಕಾಶದಲ್ಲಿ ನಿಂತಿವೆಯಂತೆ. ನೆಲದಲ್ಲಿ ಗೋರಿ, ಗೋರಿಯ ಮೇಲೆ ಪರಭಾಷೆಯ ಅಕ್ಷರ. ಗೋಡೆಯ ಮೇಲೆ ಅರಳಿಯ ಗಿಡ. ಹೊರಗೆ ಬಾಳೆಯ ತೋಟ, ತಾಳೆಯ ಮರ, ಮೀನು ಒಣಹಾಕಿದ ವಾಸನೆ. ಮಂದಿ ಬಾಯಿ ಬಿಟ್ಟು ಕೇಳುತ್ತಿದ್ದರು. ಎಲ್ಲರೂ ಅಲ್ಲ. ಅಡತಿ ಅಂಗಡಿಯ ಒಬ್ಬ ಮುದುಕ ಸಾಹುಕಾರ ಇದ್ದ, ಕಾಳನ್ನು ಹಲ್ಲಿನಿಂದ ಕಡಿದು ನೋಡದೆ ಕೊಳ್ಳದವನು. ಅವನು ಕೇಳಿದ:

"ಐರ್ಲೆಂಡ್ ಥಂಡಿ ದೇಶ ಅಂತಾರಲ್ರಿ. ತಾಳಿ ಗಿಡ ಹ್ಯಾಂಗ ಬರ್ತಾವ?"

"ಗಿಡಕ್ಕೇನು ಗೊತ್ರಿ ಸಾವಕಾರ, ಅದು ಥಂಡಿ ದೇಶ ಅಂತ."

ಮಂದಿ ನಕ್ಕರು. ಸಾಹುಕಾರ ನಗಲಿಲ್ಲ. ಎರಡು ವರ್ಷ ಆ ತಾಳೆಯ ಮರ ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಎಲ್ಲಿ ಕಂಡರೂ ಅದನ್ನೇ ಕೇಳುತ್ತಿದ್ದ.

ಎರಡು ವರ್ಷದ ಮೇಲೆ ಡಾಕ್ಟರ ರಜೆಗೆ ಬಂದ. ತನಗೆ ಬರಲಾಗಲಿಲ್ಲವೆಂದು ಅವನಿಗೆ ನನ್ನ ತಮ್ಮ ಆಗಲೇ ಕಾಗದ ಬರೆದಿದ್ದನಂತೆ: ಅಡಚಣೆ ಬಂತು, ಮನೆಗೆ ಏನೂ ಬರೆಯಬೇಡ, ಬಂದಾಗ ಬಾಯಿಯಿಂದ ಹೇಳುತ್ತೇನೆ, ಎಂದು. ಹುಡುಗ ಶಾಣ್ಯಾ, ಬಾಯಿ ಬಿಟ್ಟಿರಲಿಲ್ಲ. ಆದರೆ ಐರ್ಲೆಂಡಿನ ಪುರಾಣ ಅವನ ಕಿವಿಗೆ ಬಿದ್ದಿರಲಿಲ್ಲ.

ಅತ್ತೆ ಮೊಮ್ಮಗನನ್ನು ಕರೆದುಕೊಂಡು ಅಕ್ಕಲಕೋಟೆಗೆ ಸ್ವಾಮಿಗಳ ಸಮಾಧಿಯ ದರ್ಶನಕ್ಕೆ ಹೊರಟರು. ನಾನೂ ಹೋದೆ. ದರ್ಶನ ಮುಗಿಸಿ ನನ್ನ ತಮ್ಮನ ಮನೆಗೆ ಹೋದರೆ ಕಟ್ಟೆಯ ತುಂಬ ಮಂದಿ. ಐರ್ಲೆಂಡಿನ ಡಾಕ್ಟರ ಬಂದಾನಂತೆ ಎಂದು ಪೇಟೆಗೆ ಪೇಟೆಯೇ ನೆರೆದಿತ್ತು. ಮುಂದಿನ ಸಾಲಿನಲ್ಲಿ ಅಡತಿಯ ಸಾಹುಕಾರ. ನನ್ನ ತಮ್ಮ ನಮ್ಮನ್ನು ನೋಡಿ ನಕ್ಕು, ಡಾಕ್ಟರನಿಗೆ ಸಾಹುಕಾರನಿಂದ ದೂರದ ಕುರ್ಚಿ ತೋರಿಸಿದ.

ಸಾಹುಕಾರ ಚಹಾ ಬರುವ ತನಕವೂ ಕಾಯಲಿಲ್ಲ.

"ಡಾಕ್ಟರ, ಒಂದ ಮಾತು ಕೇಳ್ತೀನಿ. ನೀವು ಅಲ್ಲೇ ಇರೋರು. ಐರ್ಲೆಂಡಿನಾಗ ತಾಳಿ ಗಿಡ ಅದಾವೇನ್ರಿ?"

ಡಾಕ್ಟರ ಸಾಹುಕಾರನನ್ನು ನೋಡಿದ, ಆಮೇಲೆ ಮಾಮಾನನ್ನು ನೋಡಿದ.

"ಅದಾವ್ರಿ. ದಕ್ಷಿಣಕ್ಕ, ಸಮುದ್ರದ ದಂಡಿಗೆ. ಅಲ್ಲಿ ನೀರು ಬೆಚ್ಚಗ ಇರ್ತದ. ಥೇಟ್ ನಮ್ಮ ತಾಳಿ ಅಲ್ಲ, ತಾಳಿಯಂಥಾ ಗಿಡ. ಮನಿ ಮುಂದ ಹಚ್ಚಿರ್ತಾರ."

ಎಲ್ಲರಿಗಿಂತ ಹೆಚ್ಚು ಬೆರಗಾದವನು ನನ್ನ ತಮ್ಮ. ತಾನು ಯಾರೆಂಬುದನ್ನೇ ಮರೆತು ಮುಂದೆ ಬಾಗಿ ಕೇಳಿದ: "ಖರೇ ಏನು? ಎಷ್ಟು ಎತ್ತರ ಇರ್ತಾವ?"

"ನೀವs ನೋಡಿ ಬಂದೀರಲ್ರಿ," ಅಂದ ಸಾಹುಕಾರ.

"ನೋಡೀನಿ. ಅಳತಿ ಮಾಡಿರಲಿಲ್ಲ."

"ಮತ್ತ ಬಾಳಿ ತ್ವಾಟ?"

ಅಷ್ಟರಲ್ಲಿ ಬಂದ ಚಹಾವನ್ನು ಡಾಕ್ಟರ ಗುಟುಕರಿಸಿದ. "ಬಾಳಿ ನಾ ನೋಡಿಲ್ರಿ. ಮಾಮಾ ತಿರಗಿದಷ್ಟು ನಾ ತಿರಗಿಲ್ಲ."

ಸಾಹುಕಾರ ಸೋತ. ಎದ್ದು ಹೋಗುವಾಗ ನನ್ನ ತಮ್ಮನ ಬೆನ್ನು ತಟ್ಟಿದ. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಡಾಕ್ಟರ ತಾನಿರುವ ದೇಶದ ಮಾತು ಶುರು ಮಾಡಿದ. ಕ್ಯಾಶೆಲ್ಲಿನ ಬಂಡೆ ದೂರದಿಂದ ಹೇಗೆ ಕಾಣುತ್ತದೆ, ಹಸಿರು ಹುಲ್ಲಿನ ನಡುವೆ ಮಠದ ಗೋಡೆಗೆ ಮೈ ಉಜ್ಜಿಕೊಳ್ಳುತ್ತ ಕುರಿ ಹೇಗೆ ಮೇಯುತ್ತವೆ, ಮಳೆ ಬಂದರೆ ಕಮಾನಿನ ಕೆಳಗೆ ಕುರಿಯ ಪಕ್ಕದಲ್ಲಿಯೇ ನಿಲ್ಲಬೇಕಾಗುತ್ತದೆ ಎಂದೆಲ್ಲ ಹೇಳಿದ. ನನ್ನ ತಮ್ಮ ತನ್ನ ಮನೆಯ ಕಟ್ಟೆಯಲ್ಲಿ, ತನ್ನದೇ ಕೇಳುಗರ ನಡುವೆ, ಬಾಯಿ ತೆರೆದುಕೊಂಡು ಕೂತಿದ್ದ. ಎರಡು ವರ್ಷ ಎಲ್ಲರಿಗೂ ಹೇಳಿದವನು ಈಗ ಕೇಳುತ್ತಿದ್ದ.

ಹುಡುಗನಿಗೆ ಅದು ಕಂಡಿರಬೇಕು. "ಮಾಮಾ, ಬರೋ ವರ್ಷ ಮೇ ತಿಂಗಳದಾಗ ಮತ್ತ ಬರ್ರಿ. ನಾ ತಿಕೀಟು ಕಳಸ್ತೀನಿ. ಮುಂದಿನ ವರ್ಷ ನನ್ನ ನೌಕರಿ ಅಲ್ಲಿ ಮುಗೀತದ, ಆಮ್ಯಾಲ ಆಗಂಗಿಲ್ಲ."

ನನ್ನ ತಮ್ಮನ ಕಣ್ಣು ಅತ್ತೆಯ ಕಡೆ ಹೋಯಿತು. "ಬ್ಯಾಡಪಾ," ಅಂದ. "ನೋಡಿದ್ದನ್ನ ಮತ್ತ ಏನು ನೋಡೋದು."

"ಶಾಣ್ಯಾ ಮಾತು," ಅಂದರು ಅತ್ತೆ. "ಒಮ್ಮೆ ಕಳಸಿದ್ದs ರಗಡಾತು."

ಅತ್ತೆ ಮೊಮ್ಮಗನ ಜೊತೆ ಸಂಜೆಯ ಬಸ್ಸಿಗೆ ಸೋಲಾಪುರಕ್ಕೆ ಹೋದರು. ನಾನು ಉಳಿದೆ. ಉಳಿದದ್ದು ಬೈಯಲಿಕ್ಕೆ. ಅವನು ಅಂಗಡಿಯ ಬಾಗಿಲಲ್ಲಿ ಕೂತು ಬಳೆಗಳನ್ನು ಬಣ್ಣದ ಪ್ರಕಾರ ದಾರಕ್ಕೆ ಪೋಣಿಸುತ್ತಿದ್ದ. ಹಸಿರಿನಲ್ಲಿ ಕೆಂಪು ಸೇರುತ್ತಿತ್ತು, ಅವನಿಗೆ ಗೊತ್ತಾಗುತ್ತಿರಲಿಲ್ಲ.

"ಹುಚ್ಚಪ್ಯಾಲಿ, ಬಾಯಿಗೆ ಬಂದ ತುತ್ತು ಉಗುಳಿದೆಲ್ಲ. ಯಾರ ಅಂಜಿಕಿ ನಿನಗ?"

"ಯಾರದೂ ಅಲ್ಲ."

"ಮತ್ತ? ಮಂದಿ ಮುಂದ ಬ್ಯಾಡ ಅಂದಿ, ಇರ್ಲಿ. ನಾಳೆ ಹುಡುಗಗ ಒಳಗಿಂದೊಳಗ ಹೂಂ ಅನ್ನು."

"ಒಳಗಿಂದೊಳಗ ಆಗಂಗಿಲ್ಲಕ್ಕಾ. ಮತ್ತ ತಿಕೀಟು ಅಂದ್ರ ನಿಮ್ಮತ್ತಿ ಕೇಳ್ತಾರ. ಒಮ್ಮೆ ಹೋಗಿದ್ನೆಲ್ಲ ಮತ್ಯಾಕ ಅಂತಾರ. ಹುಡುಗಾ ಅಜ್ಜಿ ಮುಂದ ಎಷ್ಟು ದಿನ ಮುಚ್ಚಿ ಇಡ್ತಾನ? ಮೊದಲಿನ ತಿಕೀಟು ಏನಾತು ಅನ್ನೋದು ಹೊರಗ ಬರ್ತದ."

"ಬರ್ಲಿ. ವಿಮಾನದ ಸಾಹೇಬನ ಮುಂದ ರೊಟ್ಟಿ ಗಂಟು ಬಿಚ್ಚಿದ್ಯಂತ ನಾಕ ದಿನ ನಗತಾರ. ನಕ್ರ ಮೈಯಾಗ ತೂತು ಬೀಳ್ತಾವೇನು?"

ಅವನು ಬಳೆಯನ್ನು ಕೆಳಗೆ ಇಟ್ಟ. "ವಿಮಾನದ ತನಕಾ ನಾ ಹೋಗೇ ಇಲ್ಲಕ್ಕಾ."

"ಅಂದ್ರ?"

"ನಮ್ಮ ಸ್ಟೇಷನ್ನಿನಾಗs ಗೊತ್ತಾತು. ಗಾಡಿ ಸೀಟಿ ಹೊಡೀತು, ಬಗಲಾಗಿನ ಗಂಟು ಬೆಚ್ಚಗ ಹತ್ತಿತು. ಪಾಸ್‌ಪೋರ್ಟ್ ಬೆಚ್ಚಗ ಇರ್ತದೇನು?"

"ಮತ್ತ ಇಳೀಲಿಲ್ಯಾಕ?"

"ಇಳದಿದ್ರೂ ವಿಮಾನ ಸಿಗ್ತಿದ್ದಿಲ್ಲ. ನಿಮ್ಮತ್ತಿ ಎದುರಿಗೇ ನಿಂತಿದ್ರು. ಒಂದು ಸಾರಿನ ಉಪ್ಪಿಗೆ ಮೂವತ್ತು ವರ್ಷ ಕೇಳೀದಿ. ಮೊಮ್ಮಗನ ತಿಕೀಟಿಗೆ ಎಷ್ಟು ವರ್ಷ ಕೇಳ್ತಿದ್ದಿ?" ಅವನು ಮತ್ತೆ ಬಳೆ ಎತ್ತಿಕೊಂಡ. "ಹೋಗಿ ಬಂದೆ ಅಂದ್ರ ಯಾರೂ ಏನೂ ಕೇಳಂಗಿಲ್ಲ ಅನಸ್ತು. ವಸಯ್ಯಾಗ ಒಬ್ಬ ಬಳಿ ವ್ಯಾಪಾರಿ ಗುರುತಿನಾಂವ ಇದ್ದ, ಅವನ ಮನ್ಯಾಗ ಉಳದೆ. ಕೋಟಿ ಕೆಟ್ಟದ್ದಿಲ್ಲಕ್ಕಾ. ದಿನಾ ಹೋಗಿ ಕೂಡ್ತಿದ್ದೆ. ಕಣ್ಣು ಅರ್ಧಾ ಮುಚ್ಚಿದ್ರ ಕ್ಯಾಶೆಲ್ ಇದ್ದಂಗs ಇತ್ತು."

ನಾನು ಅವನ ಬೆನ್ನಿಗೆ ಬಲವಾಗಿ ಒಂದು ಗುದ್ದು ಹಾಕಿದೆ. ತಲೆ ನೆರೆತ ತಮ್ಮನಿಗೆ ಅಕ್ಕ ಗುದ್ದುವುದನ್ನು ಎದುರಿನ ಅಂಗಡಿಯವರೆಲ್ಲ ನೋಡಿದರು. ಎರಡು ವರ್ಷ ನಾನು ಅವನ ಮಾನ ಕಾಯುತ್ತಿದ್ದೇನೆ ಎಂದು ಬೀಗಿಕೊಂಡು ತಿರುಗಿದ್ದೆ. ಆಮೇಲೆ ಅವನ ಪಕ್ಕದಲ್ಲಿ ಕೂತು, ಹಸಿರು ಬಳೆಯಲ್ಲಿ ಸೇರಿದ್ದ ಕೆಂಪು ಬಳೆಗಳನ್ನು ಒಂದೊಂದಾಗಿ ಆರಿಸಿ ತೆಗೆದೆ. ಅವನು ಕುರಿಗಳ ಮಾತು ಎತ್ತಿದ. ಮಠದೊಳಗೆ ಕುರಿ ಮೇಯುತ್ತವೆಂದು ತನ್ನ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ, ಅಂದ. ಕತ್ತಲಾಗುವ ತನಕ ಅದನ್ನೇ ಹೇಳಿದ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಸೋಲಾಪುರಕ್ಕೆ ಬಂದೆ. ಅತ್ತೆ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಚಪ್ಪಲಿ ಬಿಟ್ಟು, ಅವರ ಎದುರು ನಿಂತು, ಗುರುವಾರದಿಂದ ಶುರುಮಾಡಿ ಉಳ್ಳಾಗಡ್ಡಿಯವರೆಗೆ ಒಂದನ್ನೂ ಬಿಡದೆ ಹೇಳಿದೆ. ಅವರ ಕೈಯಲ್ಲಿದ್ದ ಚಹಾ ಆರಿತು. ಅವರು ಬಾಯಿ ತೆರೆಯುವ ಮೊದಲು ಕೊಡ ಎತ್ತಿಕೊಂಡು ಓಣಿಯ ನಳಕ್ಕೆ ಹೋದೆ. ಅಲ್ಲಿ ಪಾಳಿ ಹಚ್ಚಿ ನಿಂತಿದ್ದ ಹೆಂಗಸರಿಗೆಲ್ಲ ಮತ್ತೊಮ್ಮೆ ಮೊದಲಿನಿಂದ ಹೇಳಿದೆ: ಮರೆತವಳು ನಾನು, ನನಗಾಗಿ ಸುಳ್ಳು ಹೇಳಿದವನು ನನ್ನ ತಮ್ಮ. ನಳದ ಹತ್ತಿರ ಹೇಳಿದ್ದು ಬಸ್ಸಿಗಿಂತ ಮುಂಚೆ ಅಕ್ಕಲಕೋಟೆ ಮುಟ್ಟುತ್ತದೆ. ಕೊಡ ತುಂಬಿತು. ಮನೆಗೆ ಬಂದು, ಇನ್ನೂ ಮಲಗಿದ್ದ ಡಾಕ್ಟರನ ಹೊದಿಕೆ ಎಳೆದು ಎಬ್ಬಿಸಿದೆ.

"ಏಳು. ಮೇ ತಿಂಗಳದ ತಿಕೀಟಿಗೆ ಏನೇನು ಬರೀಬೇಕು, ಈಗs ಬರಿ. ನಾ ಎದುರಿಗೆ ಕೂಡ್ತೀನಿ."